ಎದುರಿಗೆ ಬರುವ ಬೈಕಿನ ಬಲ ಯಾವುದು?

ಬೆಳಗಾವಿ ಜಿಲ್ಲೆಯ ನಕಾಶೆ ತೆರೆದು ಮೊದಲು ಗೋಕಾಕವನ್ನು ಹುಡುಕಿರಿ. ಅಲ್ಲಿಂದ ಬೆರಳನ್ನು ಘಟಪ್ರಭಾ ನದಿ ದಾಟಿಸಿ ಸ್ವಲ್ಪ ಮೇಲಕ್ಕೆ ಸರಿಸಿದರೆ ನಮ್ಮ ಅರಭಾವಿ ಸಿಗುತ್ತದೆ. ಹಿರಿಯರಿಗೆ ಇದು ದುರದುಂಡೀಶ್ವರ ಮಠದ ಊರು. ಓದುವ ಹುಡುಗರಿಗೆ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ಊರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ನೀರು ಧೂಪದಾಳದಿಂದ ಹೊರಡುವ ಎಡದಂಡೆ ಕಾಲುವೆಯಲ್ಲಿ ಹರಿದು ನಮ್ಮ ಸೀಮೆಯ ಕಬ್ಬು, ಗೋವಿನಜೋಳಗಳಿಗೆ ಬರುತ್ತದೆ. ಅದೇ ನದಿ ಗೋಕಾಕ ಜಲಪಾತದಲ್ಲಿ 171 ಅಡಿ ಕೆಳಕ್ಕೆ ಧುಮುಕುತ್ತದೆ. ಪ್ರವಾಸಿಗರು ಅದನ್ನು ನೋಡಿ, ಕರದಂಟು ಕಟ್ಟಿಸಿಕೊಂಡು ಹಿಂದಿರುಗುತ್ತಾರೆ. ನಮ್ಮೂರಿನ ತನಕ ಬರುವವರು ಕಡಿಮೆ. ಕಳೆದ ದೀಪಾವಳಿಯಲ್ಲಿ ಬಂದಿದ್ದರೆ ಒಂದು ತಮಾಷೆ ನೋಡಬಹುದಿತ್ತು. ಎಪ್ಪತ್ತನಾಲ್ಕು ವರ್ಷದ ಮುದುಕನೊಬ್ಬ ಕಣದ ನಡುವೆ ನಿಂತು, ಮೊಮ್ಮಗಳ ಕಡೆಯಿಂದ ಬೈಸಿಕೊಳ್ಳುತ್ತಾ ಬೈಕ್ ಕಲಿಯುತ್ತಿದ್ದ. ಆ ಮುದುಕ ನಾನೇ.

ಬೈಕ್ ನನಗೆ ಹೊಸದಲ್ಲ. 1983ರಲ್ಲಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಸಾಲ ಮಾಡಿ ಯೆಜ್ಡಿ ಕೊಂಡವನು. ಮಕ್ಕಳೇ, ಆ ಗಾಡಿ ನಮ್ಮ ಮೈಸೂರಿನದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾದವು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್ ಆಗುತ್ತಿತ್ತು. ಬೇರೆ ಗಾಡಿಯವರು ನನ್ನ ಯೆಜ್ಡಿ ಹತ್ತಿದರೆ ಕಿಕ್ಕೂ ಗೇರೂ ತಿಳಿಯದೆ ಒದ್ದಾಡುತ್ತಿದ್ದರು. ನನಗೆ ಅದನ್ನು ನೋಡುವುದೇ ಒಂದು ಸಂತೋಷ.

ಎರಡು ವರ್ಷದ ಹಿಂದೆ ಸಂಜೆ ಹೊಲದಿಂದ ಬರುವಾಗ ಕಾಲುವೆಯ ಏರಿಯ ಮೇಲೆ ಜಾರಿ ಬಿದ್ದೆ. ಭುಜದ ಎಲುಬು ಮುರಿಯಿತು. ಪುಣೆಯಲ್ಲಿರುವ ಮಗ ಅಂದೇ ರಾತ್ರಿ ಓಡಿ ಬಂದ. ನಾಲ್ಕು ದಿನ ಆರೈಕೆ ಮಾಡಿದ. ಹೋಗುವಾಗ ಗಾಡಿಯ ಕೀಲಿಯನ್ನು ಕಿಸೆಗೆ ಹಾಕಿಕೊಂಡು, “ಅಪ್ಪಾ, ಇನ್ನ ಸಾಕು” ಎಂದಷ್ಟೇ ಹೇಳಿ ಹೊರಟ. ನನ್ನ ಗಾಡಿಯ ಕೀಲಿಯನ್ನು ನನ್ನನ್ನು ಕೇಳದೆ ಒಯ್ದನಲ್ಲ ಎಂದು ಸಿಟ್ಟು ಬಂತು. ಅಂದಿನಿಂದ ಫೋನಿನಲ್ಲಿ ಮಳೆ, ಬೆಳೆ, ಔಷಧ, ಇಷ್ಟೇ ಮಾತು. ಯೆಜ್ಡಿ ದನದ ಕೊಟ್ಟಿಗೆಯ ಪಕ್ಕ ತಾಡಪತ್ರಿ ಹೊದ್ದು ನಿಂತಿತು.

ಈ ದೀಪಾವಳಿಗೆ ಮಗ ಮೊದಲು ಸೊಸೆಯನ್ನೂ ಹನ್ನೆರಡು ವರ್ಷದ ಮೊಮ್ಮಗಳನ್ನೂ ರೈಲು ಹತ್ತಿಸಿದ. ತಾನು ಪಾಡ್ಯದ ಹಿಂದಿನ ದಿನ ಬರುವವನಿದ್ದ. ಘಟಪ್ರಭಾ ನಿಲ್ದಾಣದಲ್ಲಿ ಇಳಿದ ಮೊಮ್ಮಗಳ ಕೈಯಲ್ಲಿ ಒಂದು ದೊಡ್ಡ ಡಬ್ಬಿ. ಅದರೊಳಗೆ ಅವಳ ಸೋದರಮಾವ ವಿದೇಶದಿಂದ ತಂದುಕೊಟ್ಟ ಬೈಕ್. ಉದ್ದದಲ್ಲಿ ನಿಜವಾದ ಬೈಕಿನ ಕಾಲು ಭಾಗ. ಚೈನು, ಬ್ರೇಕು, ಮೆತ್ತಗೆ ಕುಣಿಯುವ ಶಾಕ್ ಅಬ್ಸಾರ್ಬರ್ ಎಲ್ಲ ಇದ್ದವು. ಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಗೊಂಬೆ ಸವಾರ.

ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದ ಆಟಿಗೆ ಸಾಮಾನು ಎಂದರೆ ಗೋಕಾಕದ ಕಟ್ಟಿಗೆಯ ಗೊಂಬೆಗಳು, ಬಣ್ಣ ಬಳಿದ ಕಟ್ಟಿಗೆಯ ಹಣ್ಣುಗಳು. ಇಟ್ಟಲ್ಲೇ ಇರುತ್ತಿದ್ದವು. ಇದು ಹಾಗಲ್ಲ. ದೂರದಿಂದ ಹೇಳಿದಂತೆ ಕೇಳುತ್ತದೆ. ಈ ವಿದ್ಯೆ ತೀರ ಹೊಸದೂ ಅಲ್ಲ. 1898ರಲ್ಲಿಯೇ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ನಡೆಸಿ ಜನರನ್ನು ಬೆರಗುಗೊಳಿಸಿದ್ದರು.

ಮೊಮ್ಮಗಳು ಪಿಸ್ತೂಲಿನ ಆಕಾರದ ರಿಮೋಟನ್ನು ನನ್ನ ಕೈಗಿಟ್ಟಳು. ಕುದುರೆ ಎಳೆದರೆ ವೇಗ, ಮುಂದಕ್ಕೆ ನೂಕಿದರೆ ಬ್ರೇಕ್. ಪಕ್ಕದ ಪುಟ್ಟ ಚಕ್ರ ತಿರುಗಿಸಿದರೆ ಗಾಡಿ ತಿರುಗುತ್ತದೆ. ರಿಮೋಟಿನ ಅಪ್ಪಣೆಯನ್ನು 2.4 ಗಿಗಾಹರ್ಟ್ಸ್ ಅಲೆಗಳು ಗಾಡಿಗೆ ಮುಟ್ಟಿಸುತ್ತವೆ. ಗಾಡಿಯಲ್ಲಿರುವ ರಿಸೀವರ್ ಅದನ್ನು ಕೇಳಿ ಮೋಟಾರಿಗೂ, ಹ್ಯಾಂಡಲ್ ತಿರುಗಿಸುವ ಸರ್ವೋ ಎಂಬ ಚಿಕ್ಕ ಯಂತ್ರಕ್ಕೂ ಹೇಳುತ್ತದೆ.

“ನಿಂತಾಗ ಬೀಳೂದಿಲ್ಲೇನು?” ಎಂದು ಕೇಳಿದೆ.

“ಬುಗರಿ ತಿರುಗುವಾಗ ಬೀಳತೈತೇನು ಅಜ್ಜಾ?” ಎಂದಳು. ಗಾಡಿಯೊಳಗೆ ಒಂದು ಭಾರದ ಬಿಲ್ಲೆ ಬುಗರಿಯಂತೆ ರಭಸವಾಗಿ ತಿರುಗುತ್ತಿರುತ್ತದೆ. ಅದರ ಬಲದಿಂದ ಗಾಡಿ ನೆಟ್ಟಗೆ ನಿಲ್ಲುತ್ತದೆ. ಅದನ್ನು ಆರಿಸಿದರೆ ದೊಪ್ಪನೆ ಮಲಗುತ್ತದೆ.

ಅವಳು ಹೇಳಿದ ಇನ್ನೊಂದು ಸಂಗತಿ ನನಗೆ ನಾಲ್ವತ್ತು ವರ್ಷ ಬೈಕ್ ಓಡಿಸಿದರೂ ತಿಳಿದಿರಲಿಲ್ಲ. ವೇಗದಲ್ಲಿರುವ ಬೈಕ್ ಎಡಕ್ಕೆ ಹೊರಳಬೇಕಾದರೆ ಮುಂದಿನ ಚಕ್ರ ಮೊದಲು ಒಂದು ಕ್ಷಣ ಬಲಕ್ಕೆ ತಿರುಗುತ್ತದೆ. ಆಗ ಗಾಡಿ ಎಡಕ್ಕೆ ಬಾಗುತ್ತದೆ. ಬಾಗಿದ ಮೇಲೆ ಎಡಕ್ಕೆ ಹೊರಳುತ್ತದೆ. ನಮ್ಮ ಕೈ ಇದನ್ನು ನಮಗೆ ತಿಳಿಯದಂತೆಯೇ ಮಾಡುತ್ತದೆ. ಆ ಪುಟ್ಟ ಗಾಡಿಯೂ ಹಾಗೇ ಮಾಡುತ್ತಿತ್ತು. (ಮಕ್ಕಳೇ, ಇದನ್ನು ಪರೀಕ್ಷಿಸಲು ಸೈಕಲ್ ತೆಗೆದುಕೊಂಡು ರಸ್ತೆಗೆ ಹೋಗಬೇಡಿರಿ.)

ಗೋವಿನಜೋಳ ಕೊಯ್ದು ಮುಗಿದಿತ್ತು. ಕಣದ ನೆಲ ಗಟ್ಟಿಯಾಗಿತ್ತು. ಮೊದಲ ಪಾಠ, ಗಾಡಿಯ ಹಿಂದೆ ನಡೆಯುತ್ತಾ ನೇರ ಓಡಿಸುವುದು. ಅದು ಸುಲಭ. ಎರಡನೆಯದು, ಗಾಡಿಯನ್ನು ದೂರ ಕಳಿಸಿ ತಿರುಗಿಸಿ ನನ್ನ ಕಡೆಗೆ ತರುವುದು. ಅಲ್ಲಿ ಕೆಟ್ಟೆ. ಎದುರಿಗೆ ಬರುವ ಗಾಡಿ ನನ್ನ ಎಡಕ್ಕೆ ಸರಿಯುತ್ತಿದೆ ಎಂದು ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಅದು ಇನ್ನೂ ಎಡಕ್ಕೆ ಓಡಿತು. ಗಾಬರಿಯಲ್ಲಿ ಕುದುರೆಯನ್ನು ಮತ್ತಷ್ಟು ಎಳೆದೆ. ಗಾಡಿ ಕಣ ಬಿಟ್ಟು ಕಾಲುವೆಯ ಏರಿಯ ಕಡೆ ಹೊರಟಿತು. ಏರಿಯ ಬುಡದಲ್ಲಿ ನಮ್ಮ ಆಳಿನ ಪುಟ್ಟ ಹುಡುಗ ಆಡು ಕಾಯುತ್ತಾ ಕೂತಿದ್ದ.

“ಅಜ್ಜಾ, ಬ್ರೇಕ್!”

ನೂಕಿದೆ. ಗಾಡಿ ಜೋಳದ ಕೂಳೆಗೆ ಬಡಿದು ಪಲ್ಟಿ ಹೊಡೆಯಿತು, ಹುಡುಗನಿಂದ ನಾಲ್ಕು ಮಾರು ಈಚೆಗೆ. ಆಡುಗಳು ಚದುರಿದವು. ಹುಡುಗ ನಗುತ್ತಿದ್ದ. ನನ್ನ ಕೈ ನಡುಗುತ್ತಿತ್ತು. ಆಟಿಗೆಯಾದರೇನು, ಆ ವೇಗದಲ್ಲಿ ಬಡಿದಿದ್ದರೆ ಕಾಲು ಉಳಿಯುತ್ತಿತ್ತೇ? ಅಂದಿನಿಂದ ಕಣದ ಸುತ್ತ ಯಾರೂ ಇಲ್ಲವೆಂದು ನೋಡಿಯೇ ಸ್ವಿಚ್ ಹಾಕುವುದು ನಮ್ಮ ಮೊದಲ ನಿಯಮವಾಯಿತು. ಎರಡನೆಯದು ಬ್ಯಾಟರಿಯದು. ಅದು ಬಿಸಿ ಆರುವ ಮೊದಲು ಚಾರ್ಜಿಗೆ ಹಾಕಬಾರದು, ಚಾರ್ಜ್ ಆಗುವಾಗ ಬಿಟ್ಟು ಏಳಬಾರದು, ಉಬ್ಬಿದ್ದರೆ ಬಳಸಲೇಬಾರದು.

“ಎದುರಿಗೆ ಬರೋ ಗಾಡಿಯ ಬಲ ನಮಗ ಎಡ ಆಗತೈತಿ ಅಜ್ಜಾ. ನೀ ಇಲ್ಲಿ ನಿಂತು ವಿಚಾರ ಮಾಡಬ್ಯಾಡ. ಗಾಡಿ ಮ್ಯಾಲೆ ಕುಂತು ವಿಚಾರ ಮಾಡು,” ಎಂದಳು. ಒಂದು ಉಪಾಯವನ್ನೂ ತೋರಿಸಿದಳು. ಗಾಡಿ ಹೋಗುವ ದಿಕ್ಕಿಗೇ ನಾವೂ ಮುಖ ಮಾಡಿ ನಿಂತು, ಹೆಗಲ ಮೇಲಿಂದ ಹಿಂತಿರುಗಿ ಅದನ್ನು ನೋಡಬೇಕು. ಆಗ ಅದರ ಎಡವೇ ನಮ್ಮ ಎಡ.

ಬಿ.ಕಾಂ. ಓದಿದ ತಲೆಗೆ ಇದು ಬೇಗ ಹೊಳೆಯಬೇಕಿತ್ತು. ಕೌಂಟರಿನಲ್ಲಿ ಕೂತು ಎಷ್ಟು ಗ್ರಾಹಕರಿಗೆ ಹೇಳಿದ್ದೇನೆ! ನೀವು ನೂರು ರೂಪಾಯಿ ಠೇವಣಿ ಇಟ್ಟರೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿಗೆ ಡೆಬಿಟ್, ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಕ್ರೆಡಿಟ್. ನೂರು ರೂಪಾಯಿ ಒಂದೇ, ಬರೆಯುವ ಬದಿ ಬೇರೆ. ಇಬ್ಬರ ಲೆಕ್ಕವೂ ಸರಿ.

ನಾಲ್ಕನೆಯ ದಿನ ಗಾಡಿ ಹೋಗಿ, ತಿರುಗಿ, ಬಂದು ನನ್ನ ಚಪ್ಪಲಿಯ ಮುಂದೆ ನಿಂತಿತು. ಐದನೆಯ ದಿನ ಕನ್ನಡದ 8ರ ಆಕಾರವಲ್ಲ, ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಿಸಿದೆ.

ಅಷ್ಟರಲ್ಲಿ ಮಗ ಬಂದ. ಚಹಾ ಕುಡಿದು ಕಣಕ್ಕೆ ಬಂದವನ ಕೈಗೆ ರಿಮೋಟ್ ಕೊಟ್ಟೆ. ಅವನೂ ಮೊದಲ ತಿರುವಿನಲ್ಲೇ ಕೆಡವಿದ. “ಎದುರಿಗೆ ಬರುವಾಗ ಉಲ್ಟಾ ಆಗತೈತಿ,” ಎಂದೆ. ಹೇಳುತ್ತಿದ್ದಂತೆ ನನಗೇ ಏನೋ ಅನಿಸಿತು. ಮೊಮ್ಮಗಳು ಗಾಡಿ ಎತ್ತಲು ಓಡಿದಾಗ ಕೇಳಿದೆ: “ಅವತ್ತು ಕೀಲಿ ಯಾಕ ಒಯ್ದಿ?”

ಮಗ ರಿಮೋಟನ್ನೇ ನೋಡುತ್ತಾ ಹೇಳಿದ. “ಫೋನ್ ಬಂದಾಗ ‘ಅಪ್ಪ ಬಿದ್ದಾನ’ ಅಂತ ಅಷ್ಟ ಅಂದ್ರು. ಮುಂದ ಫೋನ್ ಹತ್ತಲಿಲ್ಲ. ಪುಣೆಯಿಂದ ಇಲ್ಲೀತನಕ ರಾತ್ರಿಯೆಲ್ಲ ಕಾರ್ ಓಡಿಸಿದೆ. ನೀ ಇದ್ದೀಯೋ ಇಲ್ಲೋ ಗೊತ್ತಿರಲಿಲ್ಲ. ಅಂಥಾ ರಾತ್ರಿ ಇನ್ನೊಂದು ಬ್ಯಾಡ ಅನಿಸ್ತು.”

ಎರಡು ವರ್ಷ ನಾನು ನನ್ನ ಪುಸ್ತಕವನ್ನಷ್ಟೇ ಓದಿದ್ದೆ. ಅದರಲ್ಲಿ ಅವನು ಕೀಲಿ ಒಯ್ದದ್ದು ಮಾತ್ರ ಬರೆದಿತ್ತು. ಆ ರಾತ್ರಿಯ ದಾರಿ ಅವನ ಪುಸ್ತಕದಲ್ಲಿತ್ತು.

“ಕೇಳಿ ಒಯ್ಯಬೇಕಿತ್ತು ಬಿಡು,” ಎಂದು ಅವನೇ ಅಂದ. ಕಿಸೆಯಿಂದ ಕೀಲಿ ತೆಗೆದ. ಈ ಸಲ ತಂದಿದ್ದ.

“ನಿನ್ನ ಹಂತ್ಯಾಕ ಇರಲಿ. ಬಂದಾಗೊಮ್ಮೆ ತಾ, ಅಷ್ಟ ಸಾಕು,” ಎಂದೆ.

ಪಾಡ್ಯದ ದಿನ ತಾಡಪತ್ರಿ ಸರಿಸಿದೆವು. ಪ್ಲಗ್ ಒರೆಸಿ, ಬ್ಯಾಟರಿ ಚಾರ್ಜ್ ಮಾಡಿಸಿ, ಹಳೆಯ ಪೆಟ್ರೋಲ್ ಚೆಲ್ಲಿ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿದೆವು. ಸೊಸೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದಳು. ಗಾಡಿ ಸ್ಟ್ಯಾಂಡಿನ ಮೇಲೆಯೇ ಇತ್ತು. ನನ್ನ ಕಾಲಿಗೆ ಕಿಕ್ ಆಗಲಿಲ್ಲ. ಮಗ ಹೊಡೆದ. ಆರನೆಯ ಕಿಕ್ಕಿಗೆ ಅಂಗಳವೆಲ್ಲ ನೀಲಿ ಹೊಗೆ, ಡುಗುಡುಗು ಸದ್ದು. ನಾನು ಸೀಟಿನ ಮೇಲೆ ಕೂತು, ನಿಂತ ಗಾಡಿಯ ಹ್ಯಾಂಡಲ್ ಹಿಡಿದು ಸುಮ್ಮನೆ ಕೇಳಿದೆ.

ಮೊಮ್ಮಗಳು ಕಿವಿ ಮುಚ್ಚಿಕೊಂಡು ಸುತ್ತಲೂ ಹುಡುಕಿ ಕೂಗಿದಳು: “ಅಜ್ಜಾ, ಇದರ ರಿಮೋಟ್ ಎಲ್ಲೈತಿ?”

ಮಗನ ಕಡೆ ಬೆರಳು ತೋರಿಸಿದೆ.