ಕತ್ತಲಲ್ಲಿ ಕಾದವರಿಗೆ ಕಡಲಾಮೆ

ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 40 ಕಿಲೋಮೀಟರು. ವಾಹನಗಳ ಸಂದಣಿಯಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯ ಪಯಣ. ಅಲ್ಲಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ದಕ್ಷಿಣ ಬೆಂಗಳೂರಿನವರಿಗೆ ಪರದೇಶಕ್ಕಿಂತ ಹೆಬ್ಬಾಳವೇ ದೂರ! ಹೀಗಿದ್ದರೂ ನಾವಿಬ್ಬರೂ ಶ್ರೀಲಂಕಾಕ್ಕೆ ಹೊರಟಿದ್ದೇವೆಂದಾಗ ಬೆಳಗಿನ ವಾಯುವಿಹಾರದ ಗೆಳೆಯರು, 'ಅದೆಂಥ ಫಾರಿನ್ನು ಮೇಷ್ಟ್ರೇ, ರಾಮೇಶ್ವರದ ಪಕ್ಕದಲ್ಲೇ ಇದೆಯಲ್ಲ' ಎಂದು ನಕ್ಕರು. ಅವರ ಲೆಕ್ಕದಲ್ಲಿ ವಿದೇಶವೆಂದರೆ ಸಿಂಗಪುರ ಅಥವಾ ದುಬೈ.

ನನ್ನ ಲೆಕ್ಕ ಬೇರೆಯಿತ್ತು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ ನಿಂತು, ಕಡಲನ್ನೇ ಕಾಣದ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ನೀಲಿ ತಿಮಿಂಗಿಲದ ಚಿತ್ರ ಬರೆದು ಪಾಠ ಹೇಳಿದವನು ನಾನು. ಆ ಪ್ರಾಣಿಯನ್ನೂ, ಮೊಟ್ಟೆಯಿಡಲು ದಡಕ್ಕೆ ಬರುವ ಕಡಲಾಮೆಯನ್ನೂ ಒಂದೇ ಪ್ರವಾಸದಲ್ಲಿ ಕಾಣಬಹುದಾದ ಹತ್ತಿರದ ಜಾಗವೆಂದರೆ ಲಂಕೆಯ ದಕ್ಷಿಣ ಕರಾವಳಿ. ಶ್ರೀಮತಿಗೆ ಸಮುದ್ರಸ್ನಾನದ ಆಸೆ. ಏಪ್ರಿಲ್ ಎರಡನೆಯ ವಾರ ಶಾಲೆಗೆ ಬೇಸಿಗೆ ರಜೆ ಸಿಕ್ಕೊಡನೆ ಹೊರಟೆವು.

ಕಡಲ ಪಕ್ಕದ ರೈಲು

ಕೊಲಂಬೊದ ಫೋರ್ಟ್ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲನ್ನು ಹತ್ತಿದವರು ಬಲಗಡೆಯ ಕಿಟಕಿ ಹಿಡಿಯಬೇಕು. ಹಳಿಯ ಕೆಳಗೇ ಅಲೆ ಒಡೆಯುತ್ತದೆ. ಕೆಲವು ಕಡೆ ತುಂತುರು ಮುಖಕ್ಕೇ ಬಂದು ಬಡಿಯುತ್ತದೆ. ಈ ಚೆಲುವಿನ ನಡುವೆ, ಹಿಕ್ಕಡುವ ತಲಪುವ ಮುನ್ನ ಪೆರಾಲಿಯ ಎಂಬ ಊರು ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆ ಇದೇ ಹಳಿಯ ಮೇಲೆ ನಿಂತಿದ್ದ ರೈಲನ್ನು ಎತ್ತಿ ಒಗೆದು, ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಸ್ಮಾರಕ ಕಂಡಾಗ ಬೋಗಿಯಲ್ಲಿದ್ದ ವೃದ್ಧೆಯೊಬ್ಬರು ಕೈಜೋಡಿಸಿದರು. ನಾವೂ ಜೋಡಿಸಿದೆವು.

ಊಟದ ಬಗ್ಗೆ ಶ್ರೀಮತಿಗಿದ್ದ ಅಳುಕು ಮೊದಲ ದಿನವೇ ಅರ್ಧ ಕರಗಿತು. ಇಲ್ಲಿಯ 'ಆಪ್ಪ' ನಮ್ಮ ಅಪ್ಪಂನ ತಮ್ಮ, 'ಇಂದಿಆಪ್ಪ' ನಮ್ಮ ಒತ್ತು ಶಾವಿಗೆಯ ಅಣ್ಣ. ಅನ್ನಕ್ಕೆ 'ಬತ್' ಎನ್ನುತ್ತಾರೆ. ತೊವ್ವೆಗೆ 'ಪರಿಪ್ಪು' ಎಂಬ ಹೆಸರು. ಅಕ್ಕನಿಗೆ ಅಕ್ಕ, ಅಮ್ಮನಿಗೆ ಅಮ್ಮ! ಆದರೆ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ತೆಂಗಿನ ಚಟ್ನಿಯಂತೆ ಕಾಣುವ 'ಪೊಲ್ ಸಂಬೋಲ'ಕ್ಕೆ ಸಾಮಾನ್ಯವಾಗಿ ಒಣಮೀನಿನ ಪುಡಿ ಬೆರೆಸಿರುತ್ತಾರೆ. ಮೊದಲೇ ಹೇಳಿದರೆ ಬೇರೆ ಅರೆದುಕೊಡುತ್ತಾರೆ.

ಎರಡು ಬಸ್ಸುಗಳಷ್ಟು ಉದ್ದ

ಮಿರಿಸ್ಸದಿಂದ ಬೆಳಗಿನ ಆರೂವರೆಗೆ ದೋಣಿ ಹೊರಟಿತು. ಲಂಕೆಯ ದಕ್ಷಿಣ ತುದಿಯಾದ ದೊಂಡ್ರ ಭೂಶಿರದ ಬಳಿ ಖಂಡದಂಚು ಬಹಳ ಕಿರಿದು. ದಡದಿಂದ ಕೆಲವೇ ಕಿಲೋಮೀಟರು ಹೋದರೆ ಸಮುದ್ರದ ತಳ ಥಟ್ಟನೆ ಆಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಆಳಸಮುದ್ರದ ಜೀವಿಯಾದ ನೀಲಿ ತಿಮಿಂಗಿಲ ಇಲ್ಲಿ ದಡಕ್ಕೆ ಇಷ್ಟು ಸಮೀಪ ಬರುತ್ತದೆ. ಲಂಕೆಯ ಸಾಗರವಿಜ್ಞಾನಿ ಆಶಾ ಡಿ ವೋಸ್ ಅವರು 2003ರಿಂದ ಈ ತಿಮಿಂಗಿಲಗಳ ಬೆನ್ನುಹತ್ತಿದವರು. ಜಗತ್ತಿನ ಬೇರೆಡೆಯ ನೀಲಿ ತಿಮಿಂಗಿಲಗಳು ಮೇವಿಗಾಗಿ ಹಿಮಗಡಲಿಗೆ ಹೋಗುತ್ತವೆ. ಇಲ್ಲಿಯವು ಬೆಚ್ಚಗಿನ ನೀರಿನಲ್ಲೇ ಸಣ್ಣ ಸಿಗಡಿಗಳನ್ನು ತಿಂದುಕೊಂಡು ವರ್ಷವಿಡೀ ಉಳಿಯುತ್ತವೆ ಎಂಬುದು ಅವರ ಅಧ್ಯಯನದಿಂದ ಲೋಕಕ್ಕೆ ತಿಳಿಯಿತು.

ಎರಡು ಗಂಟೆ ಬರಿಯ ನೀರು. ದೋಣಿಯ ಓಲಾಟಕ್ಕೆ ಶ್ರೀಮತಿಗೆ ಹೊಟ್ಟೆ ತೊಳಸತೊಡಗಿತ್ತು. ಆಗ ದೂರದಲ್ಲಿ ಮೂರಂತಸ್ತಿನ ಮನೆಯೆತ್ತರಕ್ಕೆ ಆವಿಯ ಕಂಬವೊಂದು ಎದ್ದಿತು. ಹಿಂದೆಯೇ ಬೂದುನೀಲಿ ಬೆನ್ನು. ಅದು ನೀರಿನ ಮೇಲೆ ಜಾರುತ್ತ ಹೋಯಿತು, ಹೋಗುತ್ತಲೇ ಇತ್ತು. ಈ ಭಾಗದ ನೀಲಿ ತಿಮಿಂಗಿಲಗಳು 20 ಮೀಟರಿಗೂ ಹೆಚ್ಚು ಉದ್ದ ಬೆಳೆಯುತ್ತವೆ. ಜಯನಗರ ಬಸ್ ನಿಲ್ದಾಣದಲ್ಲಿ ಒಂದರ ಹಿಂದೊಂದು ನಿಂತ ಎರಡು ಬಸ್ಸುಗಳನ್ನು ಊಹಿಸಿಕೊಳ್ಳಿ. ಕೊನೆಗೆ ಬಾಲದ ಎರಡು ಹಾಳೆ ಮೇಲೆದ್ದು, ನೀರು ಸುರಿಸಿ ಮುಳುಗಿದವು. ಶ್ರೀಮತಿ ಹೊಟ್ಟೆಯ ತೊಳಸನ್ನು ಮರೆತು, 'ರೀ, ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಹೋಗತ್ತಲ್ರೀ' ಎಂದಳು.

ಆಮೇಲೆ ಕಂಡದ್ದು ಅಷ್ಟು ಹಿತವಾಗಿರಲಿಲ್ಲ. ಉಳಿದ ದೋಣಿಗಳೂ ಅದೇ ಕಡೆ ನುಗ್ಗಿ, ಅದು ಮತ್ತೆ ಏಳಬಹುದಾದ ಜಾಗವನ್ನು ಸುತ್ತುವರಿದವು. ಅಂತರ ಕಾಯ್ದುಕೊಳ್ಳಬೇಕೆಂಬ ನಿಯಮವೇನೋ ಇದೆ. ಆದರೆ 'ಇನ್ನೂ ಹತ್ತಿರ' ಎಂದು ಕೂಗುತ್ತಿದ್ದವರು ಹಣ ತೆತ್ತ ಪ್ರವಾಸಿಗಳೇ. ನಮ್ಮ ದೋಣಿಯ ಹಿರಿಯ ನಾವಿಕ ಮಾತ್ರ ಎಂಜಿನ್ ನಿಲ್ಲಿಸಿ, ದಿಗಂತದಲ್ಲಿ ಸಾಲಾಗಿ ಸಾಗುತ್ತಿದ್ದ ಸರಕು ಹಡಗುಗಳ ಕಡೆ ಕೈ ತೋರಿಸಿದ. ಜಗತ್ತಿನ ಅತಿ ದಟ್ಟಣೆಯ ಹಡಗುಮಾರ್ಗಗಳಲ್ಲಿ ಒಂದು ಇಲ್ಲೇ ಹಾದುಹೋಗುತ್ತದೆ. ಅವುಗಳಿಗೆ ಡಿಕ್ಕಿ ಹೊಡೆದು ತಿಮಿಂಗಿಲಗಳು ಸಾಯುತ್ತವೆ. ಸಂಶೋಧಕರ ಒತ್ತಾಯದ ಮೇರೆಗೆ ಎಂ.ಎಸ್.ಸಿ. ಎಂಬ ದೊಡ್ಡ ಹಡಗು ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿ ನಡೆಸಲು ಒಪ್ಪಿತು. ಅಷ್ಟು ದೊಡ್ಡ ಹಡಗುಗಳು ದೂರ ಸರಿಯಬಹುದಾದರೆ ನಮ್ಮ ಪುಟ್ಟ ದೋಣಿಗಳಿಗೇನು ಕಷ್ಟ?

ತೊಟ್ಟಿಯಲ್ಲಿ ಮರಿಗಳು

ಗಾಲೆ ರಸ್ತೆಯುದ್ದಕ್ಕೂ ಆಮೆಮರಿ ಕೇಂದ್ರಗಳ ಫಲಕಗಳಿವೆ. ಅಂಥ ಒಂದು ಕೇಂದ್ರಕ್ಕೆ ಹೋದೆವು. ಸಿಮೆಂಟಿನ ತೊಟ್ಟಿಯಲ್ಲಿ ಹತ್ತಾರು ಮರಿಗಳು ಗೋಡೆಗೆ ಮೂತಿ ತಾಗಿಸಿ ಈಜುತ್ತಲೇ ಇದ್ದವು. ಅಲ್ಲಿಯ ಹುಡುಗ ಒಂದನ್ನು ತೆಗೆದು ಶ್ರೀಮತಿಯ ಅಂಗೈ ಮೇಲಿಡಲು ಬಂದ, ಫೋಟೋಗೆಂದು. ಇವಳು ಕೈ ಹಿಂತೆಗೆದು, 'ಇದು ಹುಟ್ಟಿ ಎಷ್ಟು ದಿನ ಆಯ್ತು ಕೇಳ್ರೀ' ಎಂದಳು. ಮೂರು ದಿನವಂತೆ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಹಳದಿಯ ಶೇಷ ಉಳಿದಿರುತ್ತದೆ. ಅದೇ ಅದರ ಬುತ್ತಿ. ಆ ಬಲದಿಂದ ಮರಿ ಮೊದಲ ಒಂದೆರಡು ದಿನ ಬಿಡುವಿಲ್ಲದೆ ಈಜಿ, ಶತ್ರುಗಳು ಹೆಚ್ಚಾಗಿರುವ ದಡದ ನೀರನ್ನು ದಾಟಿಬಿಡಬೇಕು. ತೊಟ್ಟಿಯಲ್ಲಿಟ್ಟರೆ ಬುತ್ತಿಯೆಲ್ಲ ಗೋಡೆಯ ಎದುರೇ ಖರ್ಚಾಗುತ್ತದೆ. ಇಂಥ ಕೇಂದ್ರಗಳು ಮೊಟ್ಟೆಗಳನ್ನು ತಿನ್ನುವವರ ಬಾಯಿಂದ ಉಳಿಸುತ್ತವೆ ಎಂಬುದೂ ನಿಜವೇ. ಆದರೆ ಮರಿ ಯಾವಾಗ ಕಡಲಿಗೆ ಹೋಗಬೇಕೆಂಬುದನ್ನು ಪ್ರವಾಸಿಗರು ಬರುವ ವೇಳೆ ನಿರ್ಧರಿಸಬಾರದು.

ಬಾರದ ಆಮೆ, ಬಂದ ಆಮೆ

ತಂಗಾಲೆಯ ಸಮೀಪದ ರೆಕಾವ ದಡದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವಿದೆ. 1990ರ ದಶಕದಲ್ಲಿ ಇಲ್ಲಿ ಆಮೆ ಸಂರಕ್ಷಣಾ ಯೋಜನೆ ಕಾಲಿಟ್ಟಾಗ, ಗೂಡು ಅಗೆದು ಮೊಟ್ಟೆ ಮಾರುತ್ತಿದ್ದವರನ್ನೇ ಸಂಬಳ ಕೊಟ್ಟು ಕಾವಲುಗಾರರನ್ನಾಗಿ ಮಾಡಿಕೊಂಡಿತು. ಗೂಡು ಎಲ್ಲಿದೆಯೋ ಅಲ್ಲೇ ಇರಲಿ, ಮನುಷ್ಯ ಮಾತ್ರ ಎಚ್ಚರವಾಗಿರಲಿ ಎಂಬುದು ಇಲ್ಲಿಯ ಸೂತ್ರ. 2006ರಲ್ಲಿ ಈ ದಡ ಅಭಯಧಾಮವಾಯಿತು.

ಮೊದಲ ರಾತ್ರಿ ಎಂಟಕ್ಕೆ ಹೋಗಿ ಟಿಕೆಟ್ ಪಡೆದು ಕುಳಿತೆವು. ಟಾರ್ಚ್ ಹಾಕುವಂತಿಲ್ಲ, ಮೊಬೈಲ್ ತೆರೆಯುವಂತಿಲ್ಲ. ಒಂಬತ್ತಾಯಿತು, ಹತ್ತಾಯಿತು, ಹನ್ನೆರಡಾಯಿತು. ಆಮೆ ಬರಲಿಲ್ಲ. ಜೊತೆಗಿದ್ದ ಕೆಲವರು ಹಣ ವಾಪಸು ಕೇಳಿ ಜಗಳಕ್ಕೆ ನಿಂತರು. ವಯಸ್ಸಾದ ಕಾವಲುಗಾರ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ: 'ನೀವು ಬಾರದ ರಾತ್ರಿಯೂ ಆಮೆ ಬರುತ್ತದೆ. ಅವತ್ತೂ ನಾನಿಲ್ಲಿ ಇರಬೇಕಲ್ಲ?' 2019ರ ಈಸ್ಟರ್ ದಿನದ ಬಾಂಬ್ ಸ್ಫೋಟ, 2020ರ ಕೋವಿಡ್, 2022ರ ಆರ್ಥಿಕ ಮುಗ್ಗಟ್ಟು, ಒಂದರ ಹಿಂದೊಂದು ಬಂದು ಲಂಕೆಗೆ ಪ್ರವಾಸಿಗರೇ ಇಲ್ಲವಾದ ದಿನಗಳನ್ನು ನೆನೆದರೆ ಆ ಮಾತಿನ ತೂಕ ಅರ್ಥವಾಗುತ್ತದೆ. ನಾವು ಕೊಟ್ಟದ್ದು ಆಟದ ಟಿಕೆಟ್ಟಿನ ಹಣವಲ್ಲ, ಕಾವಲಿನ ಕೂಲಿ.

ಮರುರಾತ್ರಿ ಮತ್ತೆ ಹೋದೆವು. ಹತ್ತೂವರೆಗೆ ಕರೆ ಬಂತು. ಆಮೆ ಗುಂಡಿ ತೋಡುವಾಗ ಹತ್ತಿರ ಹೋದರೆ ಹೆದರಿ ಕಡಲಿಗೆ ಮರಳಿಬಿಡುತ್ತದೆ. ಮೊಟ್ಟೆಯಿಡಲು ತೊಡಗಿದ ಮೇಲೆ ಮಾತ್ರ ಹಿಂದಿನಿಂದ ಸದ್ದಿಲ್ಲದೆ ಸಮೀಪಿಸಬಹುದು. ಮಂದ ಕೆಂಪು ಬೆಳಕಿನಲ್ಲಿ ಕಂಡಿತು: ಮೀಟರಿನಷ್ಟು ಉದ್ದದ ಹಸಿರು ಕಡಲಾಮೆ. ಹಿಂಗಾಲುಗಳಿಂದ ಮಡಕೆಯಾಕಾರದ ಗುಂಡಿ ತೋಡಿ, ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆಗಳನ್ನು ಎರಡು ಮೂರರಂತೆ ಬೀಳಿಸುತ್ತಿತ್ತು. ನೂರರ ಆಸುಪಾಸು ಇದ್ದವು. ಕಣ್ಣಿಂದ ದಪ್ಪನೆಯ ನೀರು. ಶ್ರೀಮತಿ, 'ಅಯ್ಯೋ, ಅಳ್ತಿದೆ' ಎಂದು ಪಿಸುಗುಟ್ಟಿದಳು. ದೇಹದಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಗ್ರಂಥಿ ಕಣ್ಣಿನ ಬಳಿಯಿದೆ ಎಂದು ನಾನು ವಿವರಿಸಿದೆ. ಎರಡು ಹೆತ್ತವಳು ಅವಳು, ವಿವರಣೆ ಅವಳಿಗೆ ಅಷ್ಟಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಸುಮಾರು ಎರಡು ತಿಂಗಳು ಮರಳಿನ ಕಾವೇ ಈ ಮೊಟ್ಟೆಗಳಿಗೆ ತಾಯಿ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಅದೇ ಕಾವು. 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಸಮಸಮ. ಮರಳು ಅದಕ್ಕಿಂತ ಬಿಸಿಯಾದರೆ ಹೆಣ್ಣು ಹೆಚ್ಚು, ತಂಪಾದರೆ ಗಂಡು ಹೆಚ್ಚು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಎಳೆಯ ಹಸಿರು ಆಮೆಗಳ ಪೈಕಿ ಶೇ. 99ಕ್ಕೂ ಹೆಚ್ಚು ಹೆಣ್ಣೇ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಭೂಮಿ ಬಿಸಿಯಾಗುವುದೆಂದರೆ ಏನೆಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಒಳ್ಳೆಯ ಸುದ್ದಿಯೂ ಇದೆ. ಅಳಿವಿನಂಚಿನ ಪಟ್ಟಿಯಲ್ಲಿದ್ದ ಹಸಿರು ಕಡಲಾಮೆಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2025ರ ಅಕ್ಟೋಬರಿನಲ್ಲಿ ಕಡಿಮೆ ಆತಂಕದ ವರ್ಗಕ್ಕೆ ಸರಿಸಿತು. ದಶಕಗಳ ಕಾಲ ಹಲವು ದೇಶಗಳ ದಡಗಳಲ್ಲಿ ಯಾರೋ ಕತ್ತಲಲ್ಲಿ ಎಚ್ಚರವಿದ್ದುದರ ಫಲವಿದು.

ಆಮೆ ಗುಂಡಿ ಮುಚ್ಚಿ, ಮುಂಗಾಲುಗಳಿಂದ ಮರಳೆರಚಿ ಗುರುತು ಅಳಿಸಿ, ನಿಂತು ನಿಂತು ಕಡಲಿನತ್ತ ತೆವಳಿತು. ಅಲೆಯೊಂದು ಬಂದು ಅದನ್ನು ಎತ್ತಿಕೊಂಡಿತು. ನಮ್ಮ ಬಳಿ ಒಂದೂ ಫೋಟೋ ಇಲ್ಲ.

ಹಿಂದಿರುಗುವ ಮುನ್ನ ಬುಂದಲದ ಹಿನ್ನೀರಿಗೆ ಹೋಗಿದ್ದೆವು. ಅಲ್ಲಿ ಹೆಜ್ಜಾರ್ಲೆಗಳ ಹಿಂಡು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಅದೇ ಹಕ್ಕಿ. ಅಲ್ಲಿಯ ಜನ ಅದನ್ನು ಮನೆಮಗಳಂತೆ ಕಾಣುತ್ತಾರೆ. ಕಡಲಾಮೆಯೂ ನಮಗೆ ಪರದೇಶದ ಪ್ರಾಣಿಯಲ್ಲ. ಕಾರವಾರ, ಹೊನ್ನಾವರ, ಕುಂದಾಪುರದ ದಡಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರೊಂದಿಗೆ ಮೀನುಗಾರರು ಕೈಜೋಡಿಸಿ ಗೂಡುಗಳಿಗೆ ಬೇಲಿ ಕಟ್ಟುತ್ತಾರೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಆ ಊರುಗಳಲ್ಲಿ ಇಳಿಯಬಹುದು. ಆದರೆ ಮೊಟ್ಟೆಯಿಡುವ ಕಾಲದಲ್ಲಿ ದಡದ ರೆಸಾರ್ಟಿನಲ್ಲಿ ತಂಗುವವರು ಎರಡು ಕೆಲಸ ಮಾಡಬೇಕು. ಸಮುದ್ರದ ಕಡೆಯ ದೀಪ ಆರಿಸಿ ಎಂದು ಕೇಳಬೇಕು. ಅಲ್ಲಿ ಆಮೆಯ ಗೂಡು ಕಾಯುವವರು ಯಾರೆಂದು ವಿಚಾರಿಸಿ, ಆಮೆ ಕಾಣಲಿ ಬಿಡಲಿ, ಆ ಕೂಲಿಗೆ ನಮ್ಮದೂ ಒಂದಿಷ್ಟು ಸೇರಿಸಬೇಕು.