ಮೌನ ತಾಳಿದ ಕೀಲಿಮಣೆ

ಚಾಮರಾಜ ನಾಲೆಯ ನೀರು ಗದ್ದೆಗೆ ಬಾರದಿದ್ದರೆ ಕೃಷ್ಣರಾಜನಗರದ ರೈತನು ಗದ್ದೆಯನ್ನು ಹಳಿಯುತ್ತ ಕೂರುವುದಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ ಕಾಲುವೆಯ ಗುಂಟ ನಡೆಯುತ್ತಾನೆ. ತೂಬು ಮುಚ್ಚಿದೆಯೋ, ಏರಿ ಒಡೆದಿದೆಯೋ ಎಂದು ಅಲ್ಲಲ್ಲಿ ನಿಂತು ನೋಡುತ್ತಾನೆ. ಗಣಕಯಂತ್ರದ ದೋಷವನ್ನು ಹುಡುಕುವ ಕ್ರಮವೂ ಇದಕ್ಕಿಂತ ಬೇರೆಯಲ್ಲ.

ಹುಣಸೂರಿನ ಸಮೀಪದ ಹಳ್ಳಿಯ ಶಾಲೆಯೊಂದರಲ್ಲಿ ಒಂದು ಗಣಕಯಂತ್ರವಿತ್ತು. ಅದನ್ನು ನಡೆಸುತ್ತಿದ್ದುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಎಲ್ಲರಿಗೂ ಮುಕ್ತವಾಗಿ ಕೊಟ್ಟ ವ್ಯವಸ್ಥೆ. ಒಂದು ಬೆಳಗ್ಗೆ ಅದರ ಕೀಲಿಮಣೆ ಮೌನ ತಾಳಿತು. ಯಾವ ಕೀಲಿಯನ್ನು ಒತ್ತಿದರೂ ತೆರೆಯ ಮೇಲೆ ಅಕ್ಷರ ಮೂಡಲಿಲ್ಲ. ಹಿಂದಿನ ಸಂಜೆ ಅದನ್ನು ಕೊನೆಯದಾಗಿ ಮುಟ್ಟಿದ್ದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. “ಇವಳೇ ಕೆಡಿಸಿದ್ದು” ಎಂದು ತರಗತಿ ಪಿಸುಗುಟ್ಟಿತು. ಹುಡುಗಿ ತಲೆ ತಗ್ಗಿಸಿ ನಿಂತಳು.

ಉಪಾಧ್ಯಾಯರು ಯಾರನ್ನೂ ಗದರಲಿಲ್ಲ. “ಕೀಲಿಯನ್ನು ಒತ್ತಿದಾಗ ಮಣೆಯಿಂದ ಒಂದು ಸಂಖ್ಯೆ ಹೊರಡುತ್ತದೆ. ಅದು ತಂತಿಯಲ್ಲಿ ಸಾಗಿ, ಯುಎಸ್‌ಬಿ ಪೋರ್ಟನ್ನು ದಾಟಿ ಲಿನಕ್ಸನ್ನು ಸೇರುತ್ತದೆ. ಲಿನಕ್ಸ್ ಅದನ್ನು ಅಕ್ಷರವಾಗಿಸುತ್ತದೆ. ಈ ದಾರಿ ಎಲ್ಲಿ ಕಡಿದಿದೆಯೋ ನೀನೇ ಹುಡುಕು, ಬಾರಮ್ಮ” ಎಂದು ಆ ಹುಡುಗಿಯನ್ನೇ ಕರೆದರು.

ಹುಡುಗಿ ಇನ್ನೊಂದು ಕೀಲಿಮಣೆಯನ್ನು ತಂದು ಯಂತ್ರದ ಹಿಂಬದಿಯ ಪೋರ್ಟಿಗೆ ಜೋಡಿಸಿದಳು. ಅಕ್ಷರಗಳು ಮೂಡಿದವು, ಲಿನಕ್ಸ್ ಸರಿಯಾಗಿಯೇ ಇತ್ತು. ಬಳಿಕ, ಜೋಡಿಸಿದ ಸಾಧನಗಳ ಪಟ್ಟಿಯನ್ನು ತೋರಿಸುವ ‘ಎಲ್ಎಸ್‌ಯುಎಸ್‌ಬಿ’ ಎಂಬ ಆಜ್ಞೆಯನ್ನು ಅದರಿಂದಲೇ ಬರೆದಳು. ಪಟ್ಟಿಯಲ್ಲಿ ಮೌನದ ಮಣೆಯ ಹೆಸರಿರಲಿಲ್ಲ. ಹಾಗಾದರೆ ದೋಷವಿರುವುದು ಮಣೆಯಲ್ಲಿ, ತಂತಿಯಲ್ಲಿ ಅಥವಾ ಪೋರ್ಟಿನಲ್ಲಿ. ಹಳೆಯ ಮಣೆಯನ್ನು ಮುಂಬದಿಯ ಪೋರ್ಟಿನಿಂದ ತೆಗೆದು ಹಿಂಬದಿಗೆ ಸಿಕ್ಕಿಸಿದಳು. ಈ ಬಾರಿ ಪಟ್ಟಿಯಲ್ಲಿ ಅದರ ಹೆಸರು ಬಂದಿತು, ಅಕ್ಷರಗಳೂ ಬಂದವು. ವರ್ಷಗಳ ಬಳಕೆಯಿಂದ ಮುಂಬದಿಯ ಪೋರ್ಟು ಸಡಿಲಗೊಂಡಿತ್ತು, ಅಷ್ಟೆ. ಮಣೆ ಕೆಟ್ಟಿರಲಿಲ್ಲ; ಹುಡುಗಿ ತಪ್ಪು ಮಾಡಿರಲಿಲ್ಲ.

ಆದರೆ ಮೂಡಿದ ಅಕ್ಷರಗಳು ಇಂಗ್ಲಿಷಿನವು. ಇದು ದೋಷವಲ್ಲ, ಯಾವ ಕೀಲಿಗೆ ಯಾವ ಅಕ್ಷರವೆಂಬ ವಿನ್ಯಾಸದ ಮಾತು. ಕೆ. ಪಿ. ರಾಯರು ಕನ್ನಡದ ಧ್ವನಿಗಳಿಗೆ ಹೊಂದುವಂತೆ ರೂಪಿಸಿದ ವಿನ್ಯಾಸವು ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೂ ಇದೆ. ಅದನ್ನು ಆರಿಸಿಕೊಂಡು ಹುಡುಗಿ ಮತ್ತೆ ಅದೇ ಕೀಲಿಯನ್ನು ಒತ್ತಿದಳು. ತೆರೆಯ ಮೇಲೆ ‘ಕ’ ಮೂಡಿತು.

ಮೊದಲು ಪಿಸುಗುಟ್ಟಿದ್ದ ಹುಡುಗನು ಎದ್ದು ಬಂದು, “ನನಗೂ ಕಲಿಸು” ಎಂದನು. ಅವಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಕೊಟ್ಟಳು. ದೂರಲು ಒಂದು ಮಾತು ಸಾಕು. ಕಾರಣವನ್ನು ಅರಿಯಲು ಕಾಲುವೆಯ ಗುಂಟ ನಡೆಯಲೇಬೇಕು.