ಗಿಡ್ಡ ಕೋವಿಯ ಮೇಲೆ ನಾವು ಹೊರಿಸಿದ ತಪ್ಪು

ಕಳೆದ ವರ್ಷ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕೊಡಗಿನ ಒಂದು ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯಿತು. ನಾವು ಮೂವರು ವರದಿಗೆ ಹೋಗಿದ್ದೆವು. ಕೊಡಗಿನವರಿಗೆ ಕೋವಿ, ಅಂದರೆ ಅವರ ಮಾತಿನ ತೋಕ್, ಹಬ್ಬದ ದಿನ ಪೂಜೆಗೆ ಕೂರುವ ವಸ್ತು. ನಮಗೆ ಅದರ ಬಗ್ಗೆ ಗೊತ್ತಿದ್ದದ್ದು ಸಿನಿಮಾದಲ್ಲಿ ನೋಡಿದಷ್ಟೇ.

ಒಬ್ಬ ಕಾಲೇಜು ಹುಡುಗಿ ತನ್ನ ತಾತನ ಕಾಲದ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಬಂದಳು. ಉಳಿದವರ ರೈಫಲ್‌ಗಳಿಗಿಂತ ಅದರ ನಳಿಕೆ ಗಿಡ್ಡ. ಕಾಯಿ ಇದ್ದದ್ದು ಸುಮಾರು ಐವತ್ತು ಮೀಟರ್ ದೂರದಲ್ಲಿ. ಮೂರು ಗುಂಡು ಹಾರಿಸಿದಳು, ಮೂರೂ ತಪ್ಪಿದವು. ಪಕ್ಕದಲ್ಲಿ ನಿಂತಿದ್ದ ಯಾರೋ "ನಳಿಕೆ ಗಿಡ್ಡ, ದೂರಕ್ಕೆ ಎಲ್ಲಿ ಹೊಡೆಯುತ್ತೆ" ಅಂದರು. ನಾವು ಅದನ್ನೇ ಬರೆದುಬಿಟ್ಟೆವು. ಯಾರನ್ನೂ ಕೇಳಲಿಲ್ಲ. ಆ ಹುಡುಗಿಯನ್ನೂ ಕೇಳಲಿಲ್ಲ.

ವರದಿ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಮೂರನೇ ದಿನ ಹುಡುಗಿಯೇ ಫೋನ್ ಮಾಡಿದಳು. "ಅಣ್ಣಾ, ತಪ್ಪಿದ್ದು ನನ್ನ ಕೈ. ನೀವು ತಾತನ ತೋಕ್‌ಗೆ ಕೆಟ್ಟ ಹೆಸರು ತಂದಿರಿ. ಅಪ್ಪ ಈಗ ಅದನ್ನು ಮಾರೋಣ ಅಂತಿದ್ದಾರೆ." ನಮಗೆ ಏನು ಹೇಳಬೇಕೋ ತೋಚಲಿಲ್ಲ. ವಿಷಯ ಗೊತ್ತಿರುವವರನ್ನು ಹುಡುಕಿಕೊಂಡು ಹೊರಟೆವು.

ಸಿಕ್ಕವರು ನಮ್ಮ ಗೆಳೆಯನ ಸೋದರಮಾವ, ಸೇನೆಯಿಂದ ನಿವೃತ್ತರಾದ ಹವಾಲ್ದಾರರು. ಕಾಫಿ ಕೊಟ್ಟರು, ವರದಿ ಓದಿದರು, ನಕ್ಕರು. "ಅಲ್ರಪ್ಪಾ, ನಳಿಕೆ ಗಿಡ್ಡ ಆದ ಮಾತ್ರಕ್ಕೆ ಗುಂಡು ಅತ್ತ ಇತ್ತ ಚದುರಲ್ಲ. ಅದರ ವೇಗ ಕಡಿಮೆ ಆಗುತ್ತೆ, ಅಷ್ಟೇ. ಎರಡೂ ಒಂದೇ ಅಂತ ಬರೆದಿದ್ದೀರಲ್ಲ."

ನಮಗೆ ಅರ್ಥವಾದದ್ದನ್ನು ಹೇಳುತ್ತೇವೆ. ಮದ್ದು ಉರಿದು ಹುಟ್ಟುವ ಬಿಸಿ ಅನಿಲ ಗುಂಡನ್ನು ನಳಿಕೆಯ ಉದ್ದಕ್ಕೂ ತಳ್ಳುತ್ತದೆ. ನಳಿಕೆ ಬೇಗ ಮುಗಿದರೆ ತಳ್ಳುವುದೂ ಬೇಗ ಮುಗಿಯುತ್ತದೆ. ಅಮೆರಿಕದ ಸೈನಿಕರ 5.56 ಮಿ.ಮೀ. ಗುಂಡನ್ನೇ ನೋಡಿ. 20 ಇಂಚಿನ ನಳಿಕೆಯಿಂದ ಅದು ಸೆಕೆಂಡಿಗೆ ಸುಮಾರು 940 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಇಂಚು ಚಿಲ್ಲರೆಯ ನಳಿಕೆಯಿಂದಾದರೆ 800ರ ಆಸುಪಾಸು.

ಹಾರುವ ಗುಂಡನ್ನೂ ಭೂಮಿ ಎಳೆಯುತ್ತಲೇ ಇರುತ್ತದೆ. ಮಾಮ ಬಿಲ್ಲಿನ ಚೀಟಿಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 100 ಮೀಟರ್ ಹೋಗುವಷ್ಟರಲ್ಲಿ ವೇಗದ ಗುಂಡು ಐದೂವರೆ ಸೆಂಟಿಮೀಟರ್ ಇಳಿಯುತ್ತದೆ, ನಿಧಾನದ್ದು ಏಳೂಮುಕ್ಕಾಲು. ವ್ಯತ್ಯಾಸ ಎರಡೇ ಸೆಂಟಿಮೀಟರ್, ಕಾಯಿ ಹೇಗೂ ಒಡೆಯುತ್ತದೆ. 300 ಮೀಟರ್‌ಗೆ ಒಂದು 50 ಸೆಂಟಿಮೀಟರ್ ಇಳಿದರೆ ಇನ್ನೊಂದು 69. ಈಗ ವ್ಯತ್ಯಾಸ 19 ಸೆಂಟಿಮೀಟರ್, ಒಂದು ಕಾಯಿಗಿಂತ ದೊಡ್ಡದು. ನಿಜವಾದ ಗಾಳಿಯಲ್ಲಿ ಇಳಿತ ಇನ್ನೂ ಹೆಚ್ಚು. ನಿಧಾನದ ಗುಂಡು ಹೆಚ್ಚು ಹೊತ್ತು ಹಾರುವುದರಿಂದ ಅಡ್ಡಗಾಳಿಯೂ ಅದನ್ನು ಹೆಚ್ಚು ತಳ್ಳುತ್ತದೆ.

"ಎಷ್ಟು ಇಳಿಯುತ್ತೆ ಅಂತ ಗೊತ್ತಿದ್ದರೆ ಅಷ್ಟು ಮೇಲಕ್ಕೆ ಹಿಡೀತೀವಿ, ತೊಂದರೆ ಇಲ್ಲ. ದೂರದ ಅಂದಾಜು ತಪ್ಪಿದರೆ ಗಿಡ್ಡ ಕೋವಿ ಕ್ಷಮಿಸಲ್ಲ" ಅಂದರು ಮಾಮ. ನಳಿಕೆ ಗಿಡ್ಡವಾದಷ್ಟೂ ಗಟ್ಟಿ, ಗುಂಡು ಹಾರುವಾಗ ಅದು ಅದುರುವುದು ಕಡಿಮೆ ಅಂತಲೂ ಹೇಳಿದರು. ಇದು ನಮಗೆ ಹೊಸದು.

ಈ ಅನುಮಾನ ನಮ್ಮೂರಿನದಷ್ಟೇ ಅಲ್ಲ. ಪೊಲೀಸರ ಹೆಗಲ ಮೇಲೆ ನೀವು ನೋಡಿರುವ ತ್ರೀ ನಾಟ್ ತ್ರೀ ಇದೆಯಲ್ಲ, 1900ರ ನಂತರದ ವರ್ಷಗಳಲ್ಲಿ ಬ್ರಿಟಿಷರು ಅದರ ನಳಿಕೆಯನ್ನು 30 ಇಂಚಿನಿಂದ 25ಕ್ಕೆ ಇಳಿಸಿದಾಗ, ದೂರಕ್ಕೆ ಇದು ಪ್ರಯೋಜನವಿಲ್ಲ ಎಂದು ಗುರಿಕಾರರು ಗಲಾಟೆ ಮಾಡಿದ್ದರು. ಅದೇ ಗಿಡ್ಡ ರೈಫಲ್ ಮೊದಲ ಮಹಾಯುದ್ಧವನ್ನು ದಾಟಿತು, ನಮ್ಮ ಇಶಾಪುರ ಕಾರ್ಖಾನೆಯಲ್ಲೂ ತಯಾರಾಯಿತು. ಆದರೆ 1944ರಲ್ಲಿ ಕಾಡಿನ ಯುದ್ಧಕ್ಕೆಂದು ನಳಿಕೆಯನ್ನು 19 ಇಂಚಿಗೂ ಕಡಿಮೆ ಮಾಡಿದ 'ಜಂಗಲ್ ಕಾರ್ಬೈನ್' ಬಂತು. ಗುರಿ ಕಟ್ಟಿಟ್ಟರೂ ನಿಲ್ಲುವುದಿಲ್ಲ ಎಂಬ ದೂರು ಅದರ ಮೇಲಿತ್ತು. ಅದರಲ್ಲಿ ಗಿಡ್ಡ ಮಾಡಿದ್ದು ನಳಿಕೆಯೊಂದನ್ನೇ ಅಲ್ಲ. ಹಗುರವಾಗಲೆಂದು ಬೇರೆ ಕಡೆಯೂ ಲೋಹ ಕೆತ್ತಿದ್ದರು, ಹೊಡೆದಾಗ ಭುಜಕ್ಕೆ ಒದೆಯುವುದೂ ಜೋರು.  ನಾವು ಬೈದಿದ್ದು ಮಾತ್ರ ನಳಿಕೆಯನ್ನೇ ಅಲ್ಲವೇ?

ಹಾಗಾದರೆ ಹುಡುಗಿಯ ರೈಫಲ್? ಪಾಯಿಂಟ್ ಟೂ ಟೂ ತೋಟೆಯಲ್ಲಿ ಮದ್ದು ಚಿಟಿಕೆಯಷ್ಟು. ಹದಿನಾರು ಇಂಚಿನೊಳಗೇ ಅದರ ಕೆಲಸ ಹೆಚ್ಚುಕಡಿಮೆ ಮುಗಿಯುತ್ತದೆ. ಅದಕ್ಕಿಂತ ಉದ್ದದ ನಳಿಕೆ ಇದ್ದರೂ ಐವತ್ತು ಮೀಟರ್‌ಗೆ ಹೇಳುವಂಥ ಲಾಭವಿಲ್ಲ. ನಾವು ಬರೆದ ಕಾರಣ ಪೂರ್ತಿ ತಪ್ಪು.

ಆದರೂ ಮಾಮ ಒಂದು ಮಾತು ಸೇರಿಸಿದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ದುರ್ಬೀನಿಲ್ಲದ ಕೋವಿಯಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ ಎರಡನ್ನೂ ಸೇರಿಸಿ ಗುರಿ ನೋಡುತ್ತಾರೆ. ಅವೆರಡರ ನಡುವೆ ಅರ್ಧ ಮೀಟರ್ ಇದ್ದು, ಮೊನೆ ಒಂದು ಮಿಲಿಮೀಟರ್ ಸರಿದರೆ ಐವತ್ತು ಮೀಟರ್‌ನಲ್ಲಿ ಗುಂಡು ಹತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ನಡುವಿನ ಅಂತರ 40 ಸೆಂಟಿಮೀಟರ್ ಆದರೆ ಹನ್ನೆರಡೂವರೆ. ಕಣ್ಣು ಮಾಡುವ ಸಣ್ಣ ತಪ್ಪು ಗಿಡ್ಡ ಕೋವಿಯಲ್ಲಿ ಸ್ವಲ್ಪ ದೊಡ್ಡದಾಗುತ್ತದೆ. ಹುಡುಗಿಗೆ ಇದನ್ನು ಹೇಳಿದೆವು. "ಅದಿರಬಹುದು. ಆದರೆ ನಾನು ಟ್ರಿಗರ್ ಜಗ್ಗಿಬಿಟ್ಟೆ, ಮೆಲ್ಲಗೆ ಒತ್ತಬೇಕಿತ್ತು" ಅಂದಳು.

ತಿದ್ದುಪಡಿ ಹಾಕಿದೆವು. ಅದನ್ನು ಓದಿ ಒಬ್ಬರು, ಮನೆಯಲ್ಲಿರುವ ಉದ್ದ ಕೋವಿಯ ನಳಿಕೆ ಕತ್ತರಿಸಿದರೆ ಕಾಡಿನಲ್ಲಿ ಓಡಾಡಲು ಸಲೀಸೇ ಎಂದು ಕೇಳಿದರು! ದಯವಿಟ್ಟು ಆ ಯೋಚನೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ನಳಿಕೆ ಮೊಟಕು ಮಾಡುವಂತಿಲ್ಲ.

ಮೊದಲ ವರದಿ ಓದಿದಷ್ಟು ಜನ ತಿದ್ದುಪಡಿಯನ್ನು ಓದಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ. ರೈಫಲ್ ಇನ್ನೂ ಅವರ ಮನೆಯಲ್ಲೇ ಇದೆ. ತಿದ್ದುಪಡಿಯನ್ನು ಅಪ್ಪನಿಗೆ ತಾನೇ ಎರಡು ಸಲ ಓದಿ ಹೇಳಿದೆ ಎಂದು ಹುಡುಗಿ ತಿಳಿಸಿದಳು. ಈ ವರ್ಷದ ಪಟ್ಟಿಯಲ್ಲೂ ಅವಳ ಹೆಸರಿದೆ.